ಬೀಜದ ಬುತ್ತಿ

ಹೈದರಾಬಾದಿನಲ್ಲಿ ಗಿಡಮರಗಳನ್ನು ನೋಡಬೇಕೆನ್ನುವವರು ನಾಂಪಲ್ಲಿಯ ಬಾಗೇ ಆಮ್‌ಗೆ ಹೋಗುತ್ತಾರೆ. ಬೀಜಗಳನ್ನು ನೋಡಬೇಕೆನ್ನುವವರು ಎಲ್ಲಿಗೂ ಹೋಗಬೇಕಾದ್ದಿಲ್ಲ. ತಮ್ಮ ಮನೆಯ ಅಡುಗೆಯ ಕೋಣೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದರೆ ಸಾಕು. ಜೋಳ, ಅಕ್ಕಿ, ಗೋಧಿ, ತೊಗರಿ, ಕಡಲೆ, ಹೆಸರು, ಉದ್ದು, ಶೇಂಗಾ, ಎಳ್ಳು, ಸಾಸಿವೆ, ಮೆಂತ್ಯ. ಒಂದೊಂದು ಡಬ್ಬಿಯಲ್ಲಿಯೂ ಒಂದೊಂದು ಜಾತಿ. ಬೆಳಗಿನ ಕಾಫಿಯಿಂದ ಹಿಡಿದು ರಾತ್ರಿಯ ರೊಟ್ಟಿಯವರೆಗೆ ನಾವು ಬದುಕುವುದು ಬಹುಮಟ್ಟಿಗೆ ಬೀಜಗಳ ಮೇಲೆಯೇ. ಗಿಡವು ತನ್ನ ಮಕ್ಕಳಿಗೆಂದು ಕಟ್ಟಿಕೊಟ್ಟ ಬುತ್ತಿಯನ್ನು ನಾವು ದಾರಿಯಲ್ಲೇ ತಡೆದು ಉಣ್ಣುತ್ತೇವೆ. ಹೀಗೆ ಹೇಳಿದರೆ ಒರಟಾಗಿ ಕೇಳಿಸಬಹುದು. ಆದರೆ ಸಂಗತಿ ಇರುವುದು ಹಾಗೆಯೇ.

ಈ ಬುತ್ತಿಯ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ಮಗಳ ಪಾಠದಿಂದ. ನಾನು ಓದಿದ್ದು ಬಿ.ಎ., ಅದರಲ್ಲಿಯೂ ಇತಿಹಾಸ. ದಿನವೆಲ್ಲ ಮಾಡುವ ಕೆಲಸವೆಂದರೆ ಸರಕಾರಿ ಕಚೇರಿಯಲ್ಲಿ ಕಡತಗಳಿಗೆ ನಂಬರು ಹಾಕುವುದು. ಸಸ್ಯಶಾಸ್ತ್ರಕ್ಕೂ ನನಗೂ ಯಾವ ನಂಟೂ ಇರಲಿಲ್ಲ. ಮಗಳು ಓದುವುದು ಇಂಗ್ಲಿಷ್ ಶಾಲೆಯಲ್ಲಿ. ಒಂದು ಸಂಜೆ ಅವಳು 'ಕಾಟಿಲೆಡನ್', 'ರಾಡಿಕಲ್', 'ಪ್ಲೂಮ್ಯೂಲ್' ಎಂದು ಬಾಯಿಪಾಠ ಮಾಡುತ್ತಿದ್ದಳು. "ಹಾಗೆಂದರೇನಮ್ಮ?" ಎಂದು ಕೇಳಿದೆ. "ಗೊತ್ತಿಲ್ಲ, ಪರೀಕ್ಷೆಗೆ ಬರುತ್ತದೆ" ಎಂದಳು. ಪಕ್ಕದಲ್ಲಿ ಕುಳಿತಿದ್ದ ನಮ್ಮ ಅವ್ವ ಪುಸ್ತಕದ ಚಿತ್ರವನ್ನು ಬಗ್ಗಿ ನೋಡಿ, "ಇದು ಬ್ಯಾಳಿ ಅಲ್ಲೇನು?" ಎಂದಳು. 'ಕಾಟಿಲೆಡನ್' ಎಂದರೆ ಬೇಳೆ ಎಂಬುದು ನಮ್ಮ ಮನೆಗೆ ತಿಳಿದುಬಂದದ್ದು ಹಾಗೆ. ಆಮೇಲೆ ಎರಡು ದಿನ ನಾವು ಮೂವರೂ ಸೇರಿ ಕಾಳು ನೆನೆಹಾಕಿದೆವು, ಸಿಪ್ಪೆ ಬಿಡಿಸಿದೆವು, ಒಡೆದು ನೋಡಿದೆವು. ಅದರಿಂದ ಕಲಿತದ್ದನ್ನೂ, ಅನಂತರ ಪುಸ್ತಕಗಳಿಂದ ತಿಳಿದದ್ದನ್ನೂ ಇಲ್ಲಿ ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ವಾಚಕರೂ ಇದನ್ನು ಮಾಡಿ ನೋಡಬಹುದು. ಹತ್ತು ಅವರೆಕಾಳನ್ನು ರಾತ್ರಿ ನೀರಿಗೆ ಹಾಕಿಡಿ. ಬೆಳಗಾಗುವಷ್ಟರಲ್ಲಿ ಕಾಳು ಉಬ್ಬಿ ದಪ್ಪವಾಗಿರುತ್ತದೆ. ಅದರ ಅಂಚಿನಲ್ಲಿ ಬಿಳಿಯ ಗೆರೆಯೊಂದು ಕಾಣುತ್ತದೆ. ಕಾಳು ಕಾಯಿಯೊಳಗಿದ್ದಾಗ ತಾಯಿಗಿಡಕ್ಕೆ ಅಂಟಿಕೊಂಡಿದ್ದ ಜಾಗ ಅದು. ಅದು ಬೀಜದ ಹೊಕ್ಕುಳು. ಅದರ ಬದಿಯಲ್ಲಿಯೇ ಸೂಜಿಯ ಮೊನೆಯಷ್ಟು ಒಂದು ರಂಧ್ರವಿದೆ. ನೆನೆದ ಕಾಳನ್ನು ಒರೆಸಿ ಎರಡು ಬೆರಳುಗಳ ನಡುವೆ ಮೆಲ್ಲಗೆ ಒತ್ತಿದರೆ ಆ ರಂಧ್ರದಿಂದ ನೀರು ಜಿನುಗುತ್ತದೆ. ಮೊಳೆಯುವ ಕಾಲಕ್ಕೆ ನೀರು ಒಳಹೋಗಲು ಈ ರಂಧ್ರವೂ ಒಂದು ದಾರಿ.

ಸಿಪ್ಪೆಯನ್ನು ಬಿಡಿಸಿದರೆ ಎರಡು ಬೇಳೆಗಳು. ಬೇಳೆಗಳನ್ನು ಅಗಲಿಸಿದರೆ ನಡುವೆ ಒಂದು ಪುಟ್ಟ ಮೊನೆ. ಶೇಂಗಾ ತಿನ್ನುವಾಗ ಎರಡು ಹೋಳುಗಳ ನಡುವೆ ನಾವೆಲ್ಲರೂ ಇದನ್ನು ನೋಡಿದ್ದೇವೆ. ಈ ಮೊನೆಯ ಒಂದು ತುದಿ ಮುಂದೆ ಬೇರಾಗುತ್ತದೆ, ಇನ್ನೊಂದು ತುದಿ ಕುಡಿಯಾಗುತ್ತದೆ. ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದರೆ ಆ ಕುಡಿಯಲ್ಲಿ ಎಲೆಗಳ ಗುರುತು ಕೂಡ ಕಾಣುತ್ತದೆ. ಇಡೀ ಗಿಡದ ಜೀವ ಇರುವುದು ಇಲ್ಲಿ. ಎರಡು ಬೇಳೆಗಳು ಅದರ ಆಹಾರ. ಸಿಪ್ಪೆ ಅದರ ರಕ್ಷೆ. ಹೀಗೆ ಬೀಜವೆಂದರೆ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ಕೂಸು, ಕೂಸಿನ ಪಕ್ಕದಲ್ಲಿ ಅದರ ಬುತ್ತಿ. ನೆಲವನ್ನು ಸೇರಿ, ಬೇರು ಬಿಟ್ಟು, ಹಸಿರೆಲೆ ಬಿಚ್ಚಿ, ಬಿಸಿಲಿನಲ್ಲಿ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುವವರೆಗೆ ಆ ಬುತ್ತಿ ಸಾಲಬೇಕು. ಅಂಗಡಿಯ ತೊಗರಿಬೇಳೆಯನ್ನು ಬಿತ್ತಿದರೆ ಮೊಳೆಯುವುದಿಲ್ಲ. ಗಿರಣಿಯಲ್ಲಿ ಕಾಳನ್ನು ಒಡೆದಾಗಲೇ ಕೂಸು ಹೋಗಿ ಬುತ್ತಿ ಮಾತ್ರ ಉಳಿದಿರುತ್ತದೆ.

ಬೀಜಗಳಲ್ಲಿ ಎಷ್ಟು ಬಗೆ ಎಂದು ಕೇಳಿದರೆ ಪಾಠದ ಪುಸ್ತಕ ಎರಡು ಬಗೆ ಎನ್ನುತ್ತದೆ. ಎರಡು ಬೇಳೆಗಳುಳ್ಳದ್ದು ದ್ವಿದಳ, ಒಂದೇ ಉಳ್ಳದ್ದು ಏಕದಳ. ತೊಗರಿ, ಕಡಲೆ, ಹೆಸರು, ಹುಣಸೆ, ಮಾವು, ಹತ್ತಿ ಇವೆಲ್ಲ ದ್ವಿದಳ. ಜೋಳ, ಬತ್ತ, ಗೋಧಿ, ರಾಗಿ, ಸಜ್ಜೆ, ತೆಂಗು, ತಾಳೆ ಇವು ಏಕದಳ. ಜೋಳದ ಕಾಳನ್ನು ಎಷ್ಟು ಒಡೆದರೂ ಅದು ಬೇಳೆಯಾಗುವುದಿಲ್ಲ, ಹಿಟ್ಟೇ ಆಗುತ್ತದೆ. ಕಾರಣ, ಅದರ ಒಂಟಿ ಬೀಜದಳ ಬಹು ಚಿಕ್ಕದು. ಕೂಸಿನ ಬೆನ್ನಿಗೆ ತೆಳುವಾದ ಗುರಾಣಿಯಂತೆ ಅಂಟಿಕೊಂಡಿರುತ್ತದೆ. ಬುತ್ತಿ ಅದರಲ್ಲಿಲ್ಲ, ಅದರಾಚೆಗಿರುವ ಹಿಟ್ಟಿನ ಗಂಟಿನಲ್ಲಿದೆ. ಮೊಳೆಯುವಾಗ ಆ ಗುರಾಣಿಯೇ ಹಿಟ್ಟನ್ನು ಕರಗಿಸಿ, ಸಿಹಿಯಾಗಿಸಿ, ಕೂಸಿಗೆ ಉಣಿಸುತ್ತದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಸಕ್ಕರೆಯಿಲ್ಲದೆಯೂ ಸಿಹಿಯಾಗಿರುವುದು ಇದರಿಂದಲೇ. ಇನ್ನೊಂದು ಮಾತು. ಜೋಳ, ಬತ್ತ, ಗೋಧಿಗಳ ಕಾಳು ಶಾಸ್ತ್ರದ ಪ್ರಕಾರ ಬರಿಯ ಬೀಜವಲ್ಲ, ಇಡೀ ಹಣ್ಣು. ಹಣ್ಣಿನ ತೊಗಲು ಬೀಜದ ತೊಗಲಿಗೆ ಬಿಡದಂತೆ ಅಂಟಿಬಿಟ್ಟಿದೆ, ಅಷ್ಟೆ. ಜೀರಿಗೆ, ಕೊತ್ತಂಬರಿಗಳೂ ಒಣಗಿದ ಹಣ್ಣುಗಳೇ. ನಾವು ಅಕ್ಕಿಯನ್ನು ಪಾಲಿಶ್ ಮಾಡಿಸಿ ತಿನ್ನುತ್ತೇವಲ್ಲ, ಆ ಗಿರಣಿಯಲ್ಲಿ ತೌಡಾಗಿ ಹೋಗುವುದು ಈ ತೊಗಲೂ, ಅದರೊಡನೆ ಕೂಸೂ. ಬೆಳ್ಳಗೆ ಉಳಿಯುವುದು ಬುತ್ತಿಯ ಅನ್ನ ಮಾತ್ರ.

ಆದರೆ ಬೇಳೆಗಳನ್ನು ಎಣಿಸಿ ಎರಡು ಬಗೆ ಮಾಡುವುದಕ್ಕಿಂತ, ಬುತ್ತಿ ಎಲ್ಲಿದೆಯೆಂದು ನೋಡಿ ಎರಡು ಬಗೆ ಮಾಡುವುದು ನನಗೆ ಹೆಚ್ಚು ಹಿಡಿಸಿತು. ಕೆಲವು ಮಕ್ಕಳು ಬುತ್ತಿಯನ್ನು ಬೇರೆ ಗಂಟಿನಲ್ಲಿ ಕಟ್ಟಿಕೊಂಡು ಹೊರಡುತ್ತವೆ. ಜೋಳದ ಜಾತಿ ಹೀಗೆ. ಇನ್ನು ಕೆಲವು ಮನೆಯಲ್ಲೇ ಹೊಟ್ಟೆತುಂಬ ಉಂಡು, ಉಂಡದ್ದನ್ನು ಮೈಯಲ್ಲೇ ತುಂಬಿಕೊಂಡು ಹೊರಡುತ್ತವೆ. ತೊಗರಿ, ಅವರೆ, ಕಡಲೆ ಈ ಜಾತಿ. ಅವುಗಳ ಬೇಳೆ ದಪ್ಪವಾಗಿರುವುದು ಅದಕ್ಕಾಗಿಯೇ. ನಿಯಮವೆಂದ ಮೇಲೆ ಅದಕ್ಕೆ ಅಪವಾದ ಇರಲೇಬೇಕು. ನಾಲ್ಗೊಂಡ, ಮೆಹಬೂಬ್‌ನಗರಗಳ ಕಡೆ ಹೊಲಗಳಲ್ಲಿ ಬೆಳೆಯುವ ಔಡಲ ದ್ವಿದಳವೇ ಆದರೂ ಅದರ ಎರಡು ದಳಗಳು ಕಾಗದದಂತೆ ತೆಳ್ಳಗಿವೆ. ಎಣ್ಣೆಯ ಬುತ್ತಿ ಅವುಗಳ ಸುತ್ತ ಬೇರೆಯಾಗಿಯೇ ಇದೆ. ಇದನ್ನು ಒಡೆದು ನೋಡುವ ಮಕ್ಕಳು ಬಾಯಿಗೆ ಮಾತ್ರ ಹಾಕಿಕೊಳ್ಳಬಾರದು. ಔಡಲದ ಬೀಜ ವಿಷ.

ಬಹು ದೊಡ್ಡ ಬುತ್ತಿಗಳಲ್ಲಿ ತೆಂಗಿನದೂ ಒಂದು. ಕಾಯಿಯೊಳಗಿನ ನೀರೂ ಬುತ್ತಿಯೇ, ಕೊಬ್ಬರಿಯೂ ಬುತ್ತಿಯೇ. ಒಂದು ತೆಳ್ಳಗೆ, ಇನ್ನೊಂದು ಗಟ್ಟಿ. ಕೂಸು ಮಾತ್ರ ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಒಂದರ ಕೆಳಗೆ ಕಡಲೆಕಾಳಿನಷ್ಟು ಅಡಗಿ ಕುಳಿತಿರುತ್ತದೆ. ಮೊಳೆತ ತೆಂಗಿನಕಾಯಿಯನ್ನು ಒಡೆದಾಗ ಒಳಗೆ ಹತ್ತಿಯ ಉಂಡೆಯಂಥದೊಂದು ಸಿಗುತ್ತದಲ್ಲ, ಮಕ್ಕಳು ಅದಕ್ಕಾಗಿ ಜಗಳವಾಡುತ್ತಾರೆ. ಅದು ತೆಂಗಿನ ಒಂಟಿ ಬೀಜದಳ. ಒಳಗಿನ ಬುತ್ತಿಯನ್ನೆಲ್ಲ ಹೀರಿ ಕೂಸಿಗೆ ಕೊಡುವ ಕೆಲಸ ಅದರದು. ಬೇಸಗೆ ಬಂತೆಂದರೆ ಹೈದರಾಬಾದಿನ ರಸ್ತೆಯ ಬದಿಯಲ್ಲಿ ತಾಟಿಮುಂಜಲು ಮಾರಲು ಕುಳಿತಿರುತ್ತಾರೆ. ನಾವು ತಣ್ಣಗೆ ನುಂಗುವ ಆ ಬೆಳ್ಳನೆಯ ತಿರುಳು ಕೂಡ ತಾಳೆಯ ಬೀಜದ ಎಳೆಯ ಬುತ್ತಿ. ಇನ್ನೂ ಗಟ್ಟಿಯಾಗಿಲ್ಲದ ಬುತ್ತಿ. ಚಳಿಗಾಲದಲ್ಲಿ ಇದೇ ತಾಳೆಯ ಮೊಳಕೆಯನ್ನು ಬೇಯಿಸಿ 'ತೇಗಲು' ಎಂದು ಮಾರುತ್ತಾರೆ. ಬುತ್ತಿಯನ್ನೂ ತಿಂದು, ಕೂಸನ್ನೂ ತಿಂದು, ಮನುಷ್ಯ ತಾಳೆಗೆ ಏನನ್ನೂ ಬಿಟ್ಟಂತೆ ಕಾಣುವುದಿಲ್ಲ.

ಮೊಳೆಯುವ ರೀತಿಯಲ್ಲಿಯೂ ಎರಡು ಬಗೆಯುಂಟು. ಹೆಸರು, ಅಲಸಂದೆ, ಹುಣಸೆ ಇವು ಬೇಳೆಗಳನ್ನು ಹೊತ್ತುಕೊಂಡೇ ಮಣ್ಣಿನಿಂದ ಮೇಲೇಳುತ್ತವೆ. ತಲೆಯ ಮೇಲೆ ಗಂಟು ಹೊತ್ತು ಸ್ಟೇಷನ್ನಿನಿಂದ ಹೊರಬರುವ ಪ್ರಯಾಣಿಕರಂತೆ ಅವು ಕಾಣುತ್ತವೆ. ತೊಗರಿ, ಕಡಲೆಗಳು ಹಾಗಲ್ಲ. ಬೇಳೆಗಳನ್ನು ಮಣ್ಣಿನೊಳಗೇ ಬಿಟ್ಟು ಕುಡಿಯನ್ನು ಮಾತ್ರ ಮೇಲೆ ಕಳಿಸುತ್ತವೆ. ಇದರಲ್ಲಿ ಒಂದು ಲಾಭವಿದೆ. ಮೇಲಿನ ಕುಡಿಯನ್ನು ಆಡು ಮೇಯ್ದರೂ ಕೆಳಗೆ ಬುತ್ತಿಯೂ ಬೇರೊಂದು ಮೊಗ್ಗೂ ಉಳಿದಿರುತ್ತವೆ. ಗಿಡ ಮತ್ತೆ ಚಿಗುರಬಹುದು. ನಮ್ಮ ಅವ್ವ ಇದನ್ನು ಪುಸ್ತಕವಿಲ್ಲದೆಯೇ ಬಲ್ಲಳು.

ಇನ್ನು ಪೆಟ್ಟಿಗೆಯ ವಿಚಾರ. ಹುಣಸೆಯ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಅದನ್ನು ಕಲ್ಲಿಗೆ ಉಜ್ಜದೆ ಬಿತ್ತಿದರೆ ನೀರು ಒಳಗೆ ಇಳಿಯುವುದೇ ತಡ. ಜಾಲಿಯ ಬೀಜವೂ ಹಾಗೆಯೇ. ಆಡಿನ ಹೊಟ್ಟೆಯನ್ನು ಹಾದುಬಂದರೆ ಅದು ಬೇಗ ಮೊಳೆಯುತ್ತದೆ. ಅಮೆರಿಕ ಖಂಡದಿಂದ ಬಂದ ಒಂದು ಮುಳ್ಳುಗಿಡವನ್ನು ನಾವು ಬಳ್ಳಾರಿ ಜಾಲಿ ಎನ್ನುತ್ತೇವೆ. ಇಲ್ಲಿಯ ತೆಲುಗರು 'ಸರ್ಕಾರು ತುಮ್ಮ' ಎನ್ನುತ್ತಾರೆ. ಸರಕಾರದವರು ಬರದ ನಾಡಿನಲ್ಲಿ ಅದನ್ನು ನೆಟ್ಟರು. ಆಡುಗಳು ಅದರ ಸಿಹಿಕಾಯಿ ತಿಂದು ಹಿಕ್ಕೆಯೊಡನೆ ಬೀಜವನ್ನು ಊರೂರಿಗೆ ಹಂಚಿದವು. ಸರಕಾರ ತೊಡಗಿದ ಕೆಲಸವೊಂದನ್ನು ಇಷ್ಟು ಶ್ರದ್ಧೆಯಿಂದ ಮುಂದುವರಿಸಿದ ನೌಕರರನ್ನು ನಾನು ಬೇರೆ ಕಂಡಿಲ್ಲ. ಎಕ್ಕದ ಬೀಜಕ್ಕೆ ರೇಷ್ಮೆಯ ಕೂದಲಿದೆ, ಗಾಳಿಯಲ್ಲಿ ಹೋಗುತ್ತದೆ. ಉತ್ತರಾಣಿ ನಮ್ಮ ಧೋತರದ ಅಂಚು ಹಿಡಿದು ಹೋಗುತ್ತದೆ. ತೆಂಗು ನೀರಿನಲ್ಲಿ ತೇಲುತ್ತದೆ. ಎಲ್ಲಕ್ಕೂ ಒಂದೇ ಆತುರ: ತಾಯಿಯ ನೆರಳಿನಿಂದ ಆಚೆಗೆ ಹೋಗಿ ಬೇರೂರಬೇಕು. ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾದ್ದಿಲ್ಲ.

ಇದುವರೆಗೆ ಹೇಳಿದ್ದು ಪಾಠದ ಮಾತು. ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆಯೇ ಒಂದು ವಿಭಾಗ. ಬೀಜಗಳಲ್ಲಿ ಕಾಯಬಲ್ಲವು, ಕಾಯಲಾರದವು ಎಂದು ಎರಡು ಬಗೆ. ಹಲಸು, ಮಾವು, ತೆಂಗು ಇವು ಕಾಯಲಾರವು. ಹಲಸಿನ ಬೀಜವನ್ನು ಒಣಗಿಸಿದರೆ ಅದು ಸತ್ತೇಹೋಗುತ್ತದೆ; ಕೆಲವೇ ವಾರಗಳಲ್ಲಿ ಮಣ್ಣು ಕಾಣಬೇಕು. ಜೋಳ, ಬತ್ತ, ತೊಗರಿ ಇವು ಕಾಯಬಲ್ಲವು. ಒಣಗಿದಷ್ಟೂ ಅವುಗಳ ಆಯುಸ್ಸು ಹೆಚ್ಚು. ಒಂದು ಮಿತಿಯೊಳಗೆ, ಬೀಜದ ತೇವ ಶೇಕಡ ಒಂದರಷ್ಟು ತಗ್ಗಿದರೆ ಆಯುಸ್ಸು ಸುಮಾರು ಎರಡರಷ್ಟಾಗುತ್ತದೆಂದು ಬೀಜತಜ್ಞರ ಲೆಕ್ಕ. ಹಿಂದಿನವರು ಬೀಜದ ಕಾಳನ್ನು ಬಿಸಿಲಿಗೆ ಹಾಕಿ, ಬೂದಿಯಲ್ಲಿ ಕಲಸಿ, ಬೇವಿನ ಎಲೆಯಿಟ್ಟು, ಗುಮ್ಮಿಯಲ್ಲಿ ತುಂಬುತ್ತಿದ್ದುದು ಬರಿಯ ವಾಡಿಕೆಯಲ್ಲ.

ಕಚೇರಿಯಲ್ಲಿ ಹಳೆಯ ಕಡತಗಳನ್ನು ನೋಡಿದಾಗಲೆಲ್ಲ ನನಗೆ ಈಗ ಬೀಜದ ನೆನಪಾಗುತ್ತದೆ. ಹತ್ತು ವರ್ಷ ಕಟ್ಟಿನಲ್ಲಿ ಮಲಗಿದ ಕಡತ, ಯಾರೋ ಒಬ್ಬರು ಒಂದು ಅರ್ಜಿ ಬರೆದರೆಂದರೆ, ಒಮ್ಮೆಗೇ ಎದ್ದು ಟಿಪ್ಪಣಿಯ ಎಲೆಗಳನ್ನು ಬಿಡಲಾರಂಭಿಸುತ್ತದೆ. ಬೀಜಗಳಲ್ಲಿ ಇದಕ್ಕಿಂತ ದೊಡ್ಡ ಸಂಗತಿಗಳುಂಟು. ಇಸ್ರೇಲಿನ ಮಸಾಡ ಕೋಟೆಯ ಅವಶೇಷಗಳಲ್ಲಿ ದೊರೆತ, ಸುಮಾರು ೨೦೦೦ ವರ್ಷ ಹಳೆಯದಾದ ಖರ್ಜೂರದ ಬೀಜವೊಂದನ್ನು ೨೦೦೫ರಲ್ಲಿ ಊರಿದಾಗ ಅದು ಮೊಳೆತು ಮರವಾಯಿತು. ಅಮೆರಿಕದ ಮಿಷಿಗನ್ನಿನಲ್ಲಿ ಬೀಲ್ ಎಂಬ ಸಸ್ಯಶಾಸ್ತ್ರಜ್ಞ ೧೮೭೯ರಲ್ಲಿ ಸೀಸೆಗಳಲ್ಲಿ ಬೀಜ ತುಂಬಿ ಹೂಳಿಟ್ಟ. ಆಗಾಗ ಒಂದೊಂದು ಸೀಸೆಯನ್ನು ತೆಗೆದು ಬಿತ್ತಿ ನೋಡುತ್ತಾರೆ. ೨೦೨೧ರಲ್ಲಿ ತೆಗೆದ ಸೀಸೆಯಲ್ಲಿಯೂ, ೧೪೨ ವರ್ಷಗಳ ಮೇಲೆ, ಒಂದು ಕಾಡುಗಿಡದ ಬೀಜಗಳು ಮೊಳೆತವು.

ಆದರೆ ಇವು ಅಪರೂಪದ ಕತೆಗಳು. ಸಾಮಾನ್ಯ ಬೀಜ ಅಷ್ಟು ಕಾಯಲಾರದು. ಒಣಗಿ ಕುಳಿತ ಬೀಜ ಸತ್ತ ವಸ್ತುವಲ್ಲ; ಬಹು ನಿಧಾನವಾಗಿ ಉಸಿರಾಡುತ್ತಿರುವ ಜೀವ. ಅದು ಡಬ್ಬಿಯಲ್ಲಿ ಕುಳಿತೇ ಮುಪ್ಪಾಗುತ್ತದೆ. ಮೇಲುನೋಟಕ್ಕೆ ಬಣ್ಣ ಅದೇ, ತೂಕ ಅದೇ. ಒಳಗೆ ಕೂಸು ಮಾತ್ರ ಇರುವುದಿಲ್ಲ.

ಈ ಮಾತಿನ ಅರ್ಥವನ್ನು ಚೆನ್ನಾಗಿ ಬಲ್ಲವರು ನಮ್ಮ ನಗರದ ಅಂಚಿನಲ್ಲೇ ಇದ್ದಾರೆ. ಮುಂಬಯಿಯ ರಸ್ತೆಯಲ್ಲಿ, ಪಟಾನ್‌ಚೆರುವಿನಲ್ಲಿ, ೧೯೭೨ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇದೆ. ಬೀದರಿಗೆ ಬಸ್ಸಿನಲ್ಲಿ ಹೋಗುವವರು ಅದರ ಹೊಲಗಳನ್ನು ಕಿಟಕಿಯಿಂದ ನೋಡಿಯೇ ಇರುತ್ತಾರೆ. ಅಲ್ಲಿಯ ಬೀಜದ ಕಣಜದಲ್ಲಿ ಜೋಳ, ಸಜ್ಜೆ, ರಾಗಿ, ಕಡಲೆ, ತೊಗರಿ, ಶೇಂಗಾ ಮೊದಲಾದವುಗಳ ೧,೨೦,೦೦೦ಕ್ಕೂ ಹೆಚ್ಚು ಮಾದರಿಗಳಿವೆ. ಲೋಕದ ನಾನಾ ದೇಶಗಳ ಹೊಲಗಳಿಂದ ತಂದವು. ಅವುಗಳನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದಂತೆ ಕಟ್ಟಿ, ದೀರ್ಘಕಾಲಕ್ಕೆಂದು ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗಿನ ಚಳಿಯಲ್ಲಿ ಇಡುತ್ತಾರೆ.

ಇದರಿಂದ ನಮಗೇನು ಎಂದು ಕೇಳುವವರಿಗೆ ಒಂದು ಉದಾಹರಣೆ. ಕಲಬುರಗಿಯ ಕಡೆ ತೊಗರಿಗೆ ನೆಟೆರೋಗ ಬಂದರೆ ಹೂ ಬಿಡುವ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗುತ್ತಿತ್ತು. ಆ ರೋಗವನ್ನು ತಡೆಯಬಲ್ಲ ಒಂದು ತೊಗರಿಯನ್ನು ಪಟಾನ್‌ಚೆರುವಿನ ಸಂಗ್ರಹದಿಂದ ಆರಿಸಿದರು. 'ಮಾರುತಿ' ಎಂಬ ಹೆಸರಿನಿಂದ ಅದು ೧೯೮೬ರಲ್ಲಿ ಕರ್ನಾಟಕದ ರೈತರ ಕೈಗೆ ಬಂತು. ನಮ್ಮ ಅಪ್ಪನೂ ಹಲವು ವರ್ಷ ಅದನ್ನೇ ಬಿತ್ತಿದ್ದ. ಯಾರದೋ ಹೊಲದ ಒಂದು ಹಿಡಿ ಕಾಳನ್ನು ಯಾರೋ ಎಸೆಯದೆ ಇಟ್ಟಿದ್ದರಿಂದ ನಮ್ಮ ಊರಿನ ಸಾಲ ತೀರಿತು. ತೊಗರಿಗೆ ರಾಜ್ಯದ ಗಡಿ ತಿಳಿಯದೆಂಬುದಕ್ಕೆ ಇನ್ನೊಂದು ಸಾಕ್ಷಿ: ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿಯೂ, ಗಡಿಯ ಈಚೆಗಿರುವ ತಾಂಡೂರಿನ ತೊಗರಿಗೆ ೨೦೨೨ರಲ್ಲಿಯೂ ಊರಿನ ಹೆಸರಿನ ಗುರುತುಪತ್ರ ದೊರೆತಿದೆ. ವಾಡಿಯಿಂದ ಹೈದರಾಬಾದಿಗೆ ಬರುವ ರೈಲಿನಲ್ಲಿ ಸೇಡಂ ದಾಟಿದರೆ ತಾಂಡೂರು. ಅಲ್ಲಿ 'ಕಂದಿ' ಎನ್ನುತ್ತಾರೆ, ಇಲ್ಲಿ 'ತೊಗರಿ' ಎನ್ನುತ್ತೇವೆ, ಗಿಡ ಅದೇ.

ಬೀಜವನ್ನು ಕಾಯುವುದೆಂದರೆ ಎಂಥ ಹೊಣೆಯೆಂಬುದಕ್ಕೆ ರಷ್ಯದ ಒಂದು ಸಂಗತಿ ಸಾಕು. ೧೯೪೧ರಿಂದ ೧೯೪೪ರವರೆಗೆ ಜರ್ಮನರು ಲೆನಿನ್‌ಗ್ರಾಡ್ ನಗರವನ್ನು ಮುತ್ತಿದ್ದಾಗ, ವಾವಿಲೋವ್ ಎಂಬ ವಿಜ್ಞಾನಿ ಕಟ್ಟಿ ಬೆಳೆಸಿದ್ದ ಬೀಜದ ಭಂಡಾರ ಅಲ್ಲಿತ್ತು. ಅದನ್ನು ಕಾಯುತ್ತಿದ್ದವರಲ್ಲಿ ಹಲವರು ಅಕ್ಕಿ, ಶೇಂಗಾಗಳ ಚೀಲಗಳ ನಡುವೆ ಹಸಿವಿನಿಂದ ಸತ್ತರು, ಬೀಜಕ್ಕೆ ಕೈಹಚ್ಚಲಿಲ್ಲ. ವಾವಿಲೋವನೂ ಸೆರೆಮನೆಯಲ್ಲಿ ೧೯೪೩ರಲ್ಲಿ ತೀರಿಕೊಂಡ. ಈಗ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪದ ಹಿಮದ ಬೆಟ್ಟದೊಳಗೆ, ೨೦೦೮ರಲ್ಲಿ ತೆರೆದ ಒಂದು ಭಂಡಾರವಿದೆ. ಪಟಾನ್‌ಚೆರುವಿನ ಬೀಜಗಳ ಜೋಡಿಗಂಟುಗಳೂ ಅಲ್ಲಿಗೆ ಹೋಗಿವೆ. ಸಿರಿಯದಲ್ಲಿ ಯುದ್ಧ ನಡೆದು ಅಲೆಪ್ಪೊ ನಗರದ ಬೀಜಭಂಡಾರ ಕೈಬಿಟ್ಟಾಗ, ಅಲ್ಲಿಯವರು ೨೦೧೫ರಲ್ಲಿ ಸ್ವಾಲ್‌ಬಾರ್ಡಿನಿಂದ ತಮ್ಮ ಬೀಜವನ್ನು ಹಿಂದಕ್ಕೆ ಪಡೆದು, ಲೆಬನಾನ್ ಮತ್ತು ಮೊರಾಕೊ ದೇಶಗಳಲ್ಲಿ ಬಿತ್ತಿ ಬೆಳೆದು, ಹೊಸ ಬೀಜವನ್ನು ಮತ್ತೆ ಅಲ್ಲಿಗೆ ಕಳಿಸಿದರು.

ಇಲ್ಲಿ ಗಮನಿಸತಕ್ಕ ಮಾತೊಂದಿದೆ. ಅಷ್ಟೊಂದು ಚಳಿಯಲ್ಲಿಟ್ಟರೂ ಬೀಜ ಶಾಶ್ವತವಲ್ಲ. ಭಂಡಾರದವರು ಆಗಾಗ ಒಂದಿಷ್ಟು ಕಾಳನ್ನು ತೆಗೆದು ಮೊಳಕೆ ಕಟ್ಟಿ ಎಣಿಸುತ್ತಾರೆ. ಮೊಳೆಯುವ ಸಂಖ್ಯೆ ಒಂದು ಮಟ್ಟದಿಂದ ಕೆಳಗಿಳಿಯಿತೆಂದರೆ, ಉಳಿದ ಬೀಜವನ್ನು ಹೊಲಕ್ಕೆ ಒಯ್ದು ಬಿತ್ತಿ, ಹೊಸ ಕಾಳನ್ನು ಬೆಳೆದು ಒಳಗಿಡುತ್ತಾರೆ. ಎಷ್ಟೇ ದೊಡ್ಡ ಕಣಜವಾದರೂ ಕೊನೆಗೆ ಬೀಜವನ್ನು ಉಳಿಸುವುದು ಹೊಲವೇ.

ಇದನ್ನು ಓದಿದ ದಿನ ನನಗೆ ನಮ್ಮ ಮನೆಯ ಕಪಾಟಿನ ನೆನಪಾಯಿತು. ನಮ್ಮ ಅಪ್ಪ ೨೦೧೯ರಲ್ಲಿ ತೀರಿಕೊಂಡ. ಆ ವರ್ಷದ ಸುಗ್ಗಿಯಲ್ಲಿ ಅವನೇ ಗಿಡ ನೋಡಿ ಆರಿಸಿ ಬೀಜಕ್ಕೆಂದು ಇಟ್ಟ ತೊಗರಿ ಮೂರು ಸೇರಿನಷ್ಟಿತ್ತು. ಹೊಲವನ್ನು ದಾಯಾದಿಗಳಿಗೆ ಕೊಟ್ಟು ಅವ್ವ ನಮ್ಮೊಡನೆ ಹೈದರಾಬಾದಿಗೆ ಬಂದಾಗ ಅವಳ ಸಾಮಾನು ಎರಡು ಟ್ರಂಕು, ಮತ್ತು ಆ ತೊಗರಿಯ ಡಬ್ಬಿ. ಅಪ್ಪನ ಹಳೆಯ ಧೋತರದ ತುಂಡಿನಲ್ಲಿ ಬೂದಿ, ಬೇವಿನ ಎಲೆಯೊಡನೆ ಕಟ್ಟಿದ್ದಳು. ಅದನ್ನು ಬೇಯಿಸುವ ಮಾತಿಲ್ಲ. ಬಿತ್ತುವ ಮಾತೂ ಇಲ್ಲ. "ಬಾಡಿಗಿ ಮನಿ ಮಾಳಿಗಿ ಮ್ಯಾಲ ಡಬ್ಬ್ಯಾಗ ಹಾಕೋದು ಬಿತ್ತಿಗಿ ಏನೋ? ಹೊಲ ಇಲ್ಲ, ಏನಿಲ್ಲ. ಇರ್ಲಿ ಬಿಡು, ನಿಮ್ಮಪ್ಪನ ಕೈಯ್ಯಾಂದು" ಎನ್ನುತ್ತಿದ್ದಳು. ಹಾಳಾದರೆ ಮತ್ತೆ ತರುವುದೆಲ್ಲಿಂದ ಎಂಬ ಭಯ ಅವಳದು. ನಾವೂ ಒತ್ತಾಯ ಮಾಡಿರಲಿಲ್ಲ.

೨೦೨೪ರ ಮೇ ತಿಂಗಳಲ್ಲಿ, ಮೊಮ್ಮಗಳ ಪಾಠದ ನೆವದಿಂದ, ಅವ್ವ ಐವತ್ತು ಕಾಳನ್ನು ಎಣಿಸಿ ಕೊಟ್ಟಳು. ಒದ್ದೆಯ ಬಟ್ಟೆಯಲ್ಲಿ ಸುತ್ತಿಟ್ಟೆವು. ಆರನೆಯ ದಿನ ಬಿಚ್ಚಿ ಮಗಳು ಎಣಿಸಿದಳು: ಹತ್ತೊಂಬತ್ತು ಮೊಳೆತಿದ್ದವು. ಉಳಿದವು ಲೋಳೆಯಾಗಿದ್ದವು. ಅವ್ವ ತಾನೂ ಒಂದು ಸಲ ಎಣಿಸಿದಳು. ಏನೂ ಮಾತಾಡದೆ ಎದ್ದು ಹೋದಳು. ಆ ದಿನವೆಲ್ಲ ಡಬ್ಬಿಯ ಹತ್ತಿರವೇ ಇದ್ದಳು. ಮರುದಿನ ಬೆಳಿಗ್ಗೆ ನಾನು ಕಚೇರಿಗೆ ಹೊರಟಾಗ ಬಾಗಿಲಿಗೆ ಬಂದು, "ಇನ್ನಾ ಇಟ್ರ ಅವೂ ಹೋತಾವ. ನಿಮ್ಮಪ್ಪ ಇದ್ದಿದ್ರ ಇಷ್ಟ್ ವರ್ಷ ಇಡ್ಲಿಕ್ಕೇ ಬಿಡ್ತಿದ್ದಿಲ್ಲ. ಬರೋವಾಗ ಮಣ್ಣು ತಗೊಂಡ್ ಬಾ" ಎಂದಳು.

ಮನೆಯ ಒಡತಿ ತೆಲುಗಿನವರು. 'ಕಂದಿ' ಎಂದೊಡನೆ ನಕ್ಕು ಒಪ್ಪಿಕೊಂಡರು. ಬಣ್ಣದ ಹಳೆಯ ಡಬ್ಬಗಳು ಒಂಬತ್ತು ಸಿಕ್ಕವು. ಮೊಳೆತ ಹತ್ತೊಂಬತ್ತನ್ನೂ ಮಣ್ಣು ಸೇರಿಸಿದೆವು; ಮಳೆ ಹಿಡಿದ ಮೇಲೆ ಇನ್ನಷ್ಟು ಕಾಳು ಊರಿದೆವು. ಸತ್ತದ್ದು ಸತ್ತು, ಹದಿನಾಲ್ಕು ಗಿಡ ನಿಂತವು. ದೀಪಾವಳಿಯ ಹೊತ್ತಿಗೆ ಮಾಳಿಗೆಯ ಮೇಲೆ ಹಳದಿಯ ಹೂ. ಕಾಯಿಗೆ ಕೀಡಿ ಬಿದ್ದಾಗ ಅವ್ವ ಯಾವ ಔಷಧವನ್ನೂ ತರಗೊಡಲಿಲ್ಲ. ಊರಿನಲ್ಲಿ ಮಾಡುತ್ತಿದ್ದಂತೆ ಗಿಡದ ಬುಡಕ್ಕೆ ಹಳೆಯ ಸೀರೆ ಹಾಸಿ, ಗಿಡವನ್ನು ಹಿಡಿದು ಅಲುಗಿಸಿ, ಬಿದ್ದ ಹುಳುಗಳನ್ನು ಮೊಮ್ಮಗಳಿಂದ ಆರಿಸಿ ತೆಗೆಸಿದಳು. ೨೦೨೫ರ ಜನವರಿಯಲ್ಲಿ ಬಡಿದು ಕೇರಿದಾಗ ಒಂದು ಸೇರಿಗೆ ಸ್ವಲ್ಪ ಕಡಮೆ ಕಾಳು ಬಂತು. ಅದರಲ್ಲಿಯೂ ಐವತ್ತು ಕಾಳು ಎಣಿಸಿ ಬಟ್ಟೆಯಲ್ಲಿ ಸುತ್ತಿದೆವು. ಈ ಸಲ ನಲವತ್ತೇಳು ಮೊಳೆತವು.

ಆ ವಾರವೇ ಅವ್ವ ಹಳೆಯ ಗಂಟನ್ನು ಬಿಚ್ಚಿದಳು. ಉಳಿದಿದ್ದ ಹಳೆಯ ತೊಗರಿಯನ್ನು ತೊಳೆದು ತಾನೇ ಸಾರು ಮಾಡಿದಳು. ಐದಾರು ವರ್ಷದ ಕಾಳು. ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಗಟ್ಟಿಯಾಗಿಯೇ ಇತ್ತು. ಆದರೆ ಯಾರೂ ತಟ್ಟೆಯಲ್ಲಿ ಒಂದು ಕಾಳನ್ನೂ ಬಿಡಲಿಲ್ಲ. ಧೋತರದ ತುಂಡನ್ನು ಒಗೆದು ಒಣಗಿಸಿ ಹೊಸ ಕಾಳನ್ನು ಅದರಲ್ಲಿ ಕಟ್ಟಿದ್ದಾಳೆ.

ನಮ್ಮ ಸಂಘದ ಮನೆಗಳಲ್ಲಿ ಇಂಥ ಗಂಟುಗಳು ಇನ್ನೂ ಎಷ್ಟೋ ಇರಬೇಕು. ಬೀದರಿನಿಂದ ತಂದ ಪುಂಡಿಯ ಬೀಜ, ರಾಯಚೂರಿನ ಚವಳಿ, ವಿಜಯಪುರದ ಸವತಿ, ಮೈಸೂರಿನ ಅವರೆ. ಕಳೆದ ಸಲ ಊರಿಗೆ ಹೋದಾಗ ಯಾರೋ ಸೆರಗಿನಲ್ಲಿ ಕಟ್ಟಿಕೊಟ್ಟದ್ದು. ಅವುಗಳನ್ನು ಒಮ್ಮೆ ಹೊರಗೆ ತೆಗೆಯಿರಿ. ಹತ್ತು ಕಾಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ವಾರದೊಳಗೆ ಎಷ್ಟು ಮೊಳೆತವೆಂದು ಎಣಿಸಿರಿ. ಎಂಟೊಂಬತ್ತಾದರೆ ಇನ್ನೊಂದು ವರ್ಷ ಇಡಬಹುದು. ನಾಲ್ಕೈದಾದರೆ ಈ ಮುಂಗಾರಿಗೆ ಹೇಗಾದರೂ ಬಿತ್ತಿಬಿಡಿ. ಡಬ್ಬವಾದರೂ ಸರಿ, ಕುಂಡವಾದರೂ ಸರಿ. ಎಣಿಸುವ ಕೆಲಸವನ್ನು ಮಕ್ಕಳಿಗೆ ಕೊಡಿ. ನಮ್ಮ ಮಗಳ ಬಾಯಲ್ಲಿ ಈಗ ಬೇಳೆ, ಹೊಕ್ಕುಳು, ಮೊಳಕೆ, ಕೇರು, ತೂರು ಎಂಬ ಮಾತುಗಳೆಲ್ಲ ಇವೆ. ಇವನ್ನು ನಾನು ಪಾಠ ಮಾಡಿ ಕಲಿಸಿದ್ದಲ್ಲ. ಕಪಾಟಿನಲ್ಲಿಟ್ಟು ಗೌರವಿಸುವುದರಿಂದ ಬೀಜವೂ ಉಳಿಯುವುದಿಲ್ಲ, ಮಾತೂ ಉಳಿಯುವುದಿಲ್ಲ.

ತೊಗರಿಯ ಬೀಜ ಬೇಕಾದವರು ಮಳೆಗಾಲಕ್ಕೆ ಮುಂಚೆ ನಮ್ಮನ್ನು ಸಂಘದಲ್ಲಿ ಕೇಳಬಹುದು. ಒಂದೊಂದು ಮನೆಗೆ ಒಂದು ಹಿಡಿ ಕೊಡಲು ಅವ್ವ ಒಪ್ಪಿದ್ದಾಳೆ. ಹಣ ಬೇಡ. ಬೆಳೆದ ಮೇಲೆ ಒಂದು ಹಿಡಿಯನ್ನು ಇನ್ನೊಂದು ಮನೆಗೆ ಕೊಡಬೇಕೆಂಬುದೊಂದೇ ಅವಳ ಕರಾರು.